ಸಾಕ್ಷಿ ಹೇಳಿದ ಮೇಲೆ ಮತ್ತೆ ಕುಡಿದರು

ಹೆಸರು, ಕೆಲಸ, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಅವರನ್ನು ಪ್ರಭಾಕರ ಅಂತ ಕರೆಯೋಣ. ವಯಸ್ಸು 43. ಉತ್ತರ ಕರ್ನಾಟಕದ ಒಂದು ಪಟ್ಟಣದಲ್ಲಿ ಲೇತ್ ಕೆಲಸ. ಭಾನುವಾರ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು.

ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದ ಮೊದಲ ದಿನ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು. ನಡುಕ ನನಗೆ ಕಾಣಬಾರದು ಅಂತ. ಹೆಂಡತಿ ಕರುಣಾ ಏನೂ ಮಾತಾಡದೆ ಅವರ ಬೈಬಲ್ಲಿನ ಕವರ್ ಜಿಪ್ ಎಳೆದರು. ಹಾಡಿನ ಚೀಟಿಗಳ ನಡುವೆ 90 ಎಂಎಲ್‌ನ ಎರಡು ಖಾಲಿ ಪ್ಯಾಕೆಟ್, ಮಡಚಿ ಚಪ್ಪಟೆ ಮಾಡಿದ್ದು. "ಇದರಾಗ ಇಡ್ತಾರ್ರೀ ಮೇಡಂ" ಅಂದರು. ದನಿಯಲ್ಲಿ ಸಿಟ್ಟಿಗಿಂತ ದಣಿವು ಜಾಸ್ತಿ ಇತ್ತು.

ಒಂದು ವರ್ಷದ ಹಿಂದೆ ಉಪವಾಸ ಪ್ರಾರ್ಥನೆಯೊಂದರಲ್ಲಿ ಪ್ರಭಾಕರ ಮೊಣಕಾಲೂರಿ ಅತ್ತಿದ್ದರು. ಅವತ್ತೇ ಕುಡಿತ ಬಿಟ್ಟರು. ಮಾರನೆಯ ರಾತ್ರಿ ಫಿಟ್ಸ್ ಬಂತು. ಅದರ ಮರುದಿನ ಗೋಡೆ ತುಂಬ ಇರುವೆ ಹರಿಯುತ್ತಿವೆ ಅಂತ ಕೂಗಾಡಿದರು. "ಸೈತಾನ ಬಿಟ್ಟು ಹೋಗುವಾಗ ಹಿಂಗ ಆಗ್ತದ" ಅಂತ ನೆಂಟರು ಸುತ್ತ ಕೂತು ಪ್ರಾರ್ಥಿಸುತ್ತಿದ್ದರು. ಪಕ್ಕದ ಮನೆಯ ನರ್ಸ್ ಹಟ ಹಿಡಿದು ಆಟೋ ಹತ್ತಿಸಿದ್ದರಿಂದ ಜೀವ ಉಳಿಯಿತು.

ಆಸ್ಪತ್ರೆಯಿಂದ ಬಂದ ಮೇಲೆ ಚರ್ಚಿನ ಸಭೆಯ ಮುಂದೆ ಸಾಕ್ಷಿ ಹೇಳಿದರು, ಅಂದರೆ ದೇವರು ತಮಗೆ ಮಾಡಿದ್ದನ್ನು ಎಲ್ಲರೆದುರು ಹೇಳಿಕೊಂಡರು. ಕರ್ತನು ಬಿಡಿಸಿದ ಅಂದರು. ಆಸ್ಪತ್ರೆ, ಇಂಜೆಕ್ಷನ್ ಯಾವುದೂ ಆ ಸಾಕ್ಷಿಯಲ್ಲಿ ಬರಲಿಲ್ಲ. ಮಾತ್ರೆ ನುಂಗುವುದು ನಂಬಿಕೆ ಸಾಲದ ಗುರುತು ಅಂತ ಯಾರೋ ಅಂದದ್ದಕ್ಕೆ ಅದನ್ನೂ ನಿಲ್ಲಿಸಿದರು. ನಾಲ್ಕು ತಿಂಗಳ ನಂತರ ನೆಂಟರ ಮದುವೆಯಲ್ಲಿ ಒಂದು ಗ್ಲಾಸ್. ಆಮೇಲೆ ಕದ್ದು ಕುಡಿಯುವುದು ಶುರುವಾಯಿತು. ಸಾಕ್ಷಿ ಹೇಳಿದವನು ವೈನ್ ಶಾಪ್ ಮುಂದೆ ಹೇಗೆ ನಿಲ್ಲುತ್ತಾನೆ? ಮೂರು ಕಿಲೋಮೀಟರ್ ಆಚೆ ಹೋಗಿ ತರುತ್ತಿದ್ದರು.

"ದೇವ್ರು ನನ್ನ ಕೈಬಿಟ್ಟಾನ್ರೀ" ಅಂದರು.

ನಾನೂ ಚರ್ಚಿಗೆ ಹೋಗುವವಳೇ. ಆ ಮಾತು ನನಗೆ ನಾಟಿತು. ಆದರೆ ಆ ಹೊತ್ತಿನಲ್ಲಿ ವಚನ ಹೇಳಲಿಲ್ಲ. ಕೊನೆಯ ಸಲ ಕುಡಿದದ್ದು ಎಷ್ಟೊತ್ತಿಗೆ ಅಂತ ಕೇಳಿದೆ.

ಯಾಕೆ ಅಂದರೆ, ವರ್ಷಗಟ್ಟಲೆ ದಿನವೂ ಕುಡಿದ ದೇಹ ಒಮ್ಮೆಲೇ ನಿಲ್ಲಿಸಿದರೆ ತಡೆಯುವುದಿಲ್ಲ. ಕೆಲವೇ ಗಂಟೆಗಳಲ್ಲಿ ನಡುಕ, ಬೆವರು. ಫಿಟ್ಸ್ ಬಂದರೆ ಹೆಚ್ಚಾಗಿ ಮೊದಲ 48 ಗಂಟೆಯೊಳಗೆ. ಎರಡರಿಂದ ನಾಲ್ಕನೇ ದಿನದ ನಡುವೆ ಭ್ರಮೆ, ಗೊಂದಲ. ಅದು ದೆವ್ವ ಅಲ್ಲ, ಮಿದುಳಿನ ತಳಮಳ. ಚಿಕಿತ್ಸೆ ಇಲ್ಲದಿದ್ದರೆ ಪ್ರಾಣ ಹೋಗಬಹುದು. ಡಾಕ್ಟರ ಕಣ್ಣಳತೆಯಲ್ಲಿ ಕೆಲವು ದಿನ ಮಾತ್ರೆ, ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟು ದಾಟಿಸಬೇಕು. ಅವತ್ತೇ ಮನೋವೈದ್ಯರ ಹತ್ತಿರ ಕಳಿಸಿ ಅಡ್ಮಿಟ್ ಮಾಡಿಸಿದೆ.

ಹತ್ತು ದಿನದ ಮೇಲೆ ಬಂದಾಗ ಕೈ ಮೇಜಿನ ಮೇಲಿತ್ತು. ಆಗ ಮಾತಾಡಿದೆವು. ಪೌಲನ ಜೊತೆಗಿದ್ದ ಲೂಕನನ್ನು ಬೈಬಲ್ಲೇ "ಪ್ರಿಯ ವೈದ್ಯ" ಅನ್ನುತ್ತದೆ, ಅಲ್ವಾ? ಮಾತ್ರೆ ನುಂಗುವಾಗಲೂ ಪ್ರಾರ್ಥನೆ ಮಾಡಿ, ಒಂದನ್ನೊಂದು ತಳ್ಳುವುದಿಲ್ಲ ಅಂದೆ. ಮತ್ತೆ ಕುಡಿದದ್ದು ಈ ಕಾಯಿಲೆಯಲ್ಲಿ ಆಗುವಂಥದ್ದೇ. ಅದರಿಂದ ಆ ದಿನದ ಅಳು ಸುಳ್ಳಾಗುವುದಿಲ್ಲ ಅಂತಲೂ ಹೇಳಿದೆ.

"ನೀವು ಕುಡಿತಿರೋದು ಯಾರಿಗೆ ಗೊತ್ತು?"

"ಆಕಿಗೆ. ಈಗ ನಿಮಗ."

ನನ್ನ ಪ್ರಕಾರ ಪ್ರಭಾಕರರ ದೊಡ್ಡ ಕಾಯಿಲೆ ಈ ಅಡಗಿಸಿಡುವುದೇ. ಯಾಕೋಬನ ಪತ್ರದ 5ನೇ ಅಧ್ಯಾಯ ತೆಗೆಸಿದೆ. ತಪ್ಪನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಿ, ವಾಸಿಯಾಗುವ ಹಾಗೆ ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿ ಅನ್ನುತ್ತದೆ ಅದು. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಕುಡಿತದಿಂದ ನರಳಿದ್ದ ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಸ್ಮಿತ್ ಸೇರಿ ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ) ಶುರುಮಾಡಿದಾಗ, ಅಲ್ಲಿನ ಮೊದಲ ಸದಸ್ಯರು ಮತ್ತೆ ಮತ್ತೆ ಓದುತ್ತಿದ್ದದ್ದು ಇದೇ ಪತ್ರ. ಎಎಯ ಹನ್ನೆರಡು ಹೆಜ್ಜೆಗಳಲ್ಲಿ ಐದನೆಯದೂ ದೇವರ ಮುಂದೆ, ತನ್ನ ಮುಂದೆ, ಇನ್ನೊಬ್ಬ ಮನುಷ್ಯನ ಮುಂದೆ ತಪ್ಪು ಒಪ್ಪಿಕೊಳ್ಳುವುದು. ಆ ಇನ್ನೊಬ್ಬ ಮನುಷ್ಯ ಪ್ರಭಾಕರರಿಗೆ ಇರಲಿಲ್ಲ.

ಮತ್ತೆ ಸಭೆಯ ಮುಂದೆ ನಿಂತು ಹೇಳಿಬಿಡ್ತೀನಿ ಅಂದರು. ಬೇಡ ಅಂದೆ. ಮೊದಲು ಅಯ್ಯನವರ (ಚರ್ಚಿನ ಪಾಸ್ಟರ) ಹತ್ತಿರ ಒಬ್ಬರೇ ಹೋಗಿ. ವಾರಕ್ಕೆ ಎರಡು ಸಲ ಎಎ ಸಭೆಗೆ ಹೋಗಿ. ಮಾರ್ಕನ 2ನೇ ಅಧ್ಯಾಯದಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು ಮಾಡಿನಿಂದ ಇಳಿಸುತ್ತಾರೆ. ಯೇಸು ನೋಡುವುದು "ಅವರ" ನಂಬಿಕೆಯನ್ನು. ನಿಮ್ಮ ನಾಲ್ವರು ಯಾರು ಅಂತ ಬರೆಸಿದೆ. ಹೆಂಡತಿಯ ತಮ್ಮ, ಅಯ್ಯನವರು, ಡಾಕ್ಟರು, ಎಎಯ ಒಬ್ಬ ಗೆಳೆಯ. ಕುಡಿಯಬೇಕು ಅನಿಸಿದಾಗ ಮೊದಲು ಈ ನಾಲ್ಕರಲ್ಲಿ ಒಂದು ಫೋನ್, ಆಮೇಲೆ ಉಳಿದದ್ದು.

ಚರ್ಚಿನಲ್ಲಿ ರೊಟ್ಟಿ, ವೈನ್ ಹಂಚುವ ಕರ್ತನ ಭೋಜನದ ಪ್ರಶ್ನೆಯೂ ಬಂತು. ಆ ಒಂದು ಗುಟುಕಿನ ವಾಸನೆಯೇ ಆಸೆ ಕೆರಳಿಸುತ್ತೆ ಅಂದರು. ಅಯ್ಯನವರನ್ನು ಕೇಳಿ ಅಂದೆ. ಅವರು ಸುಮ್ನೆ ಎಲ್ಲರಿಗೂ ದ್ರಾಕ್ಷಿ ರಸವನ್ನೇ ಇಟ್ಟರು, ಯಾರ ಹೆಸರೂ ಎತ್ತಲಿಲ್ಲ. ಆ ಅಯ್ಯನವರ ಮೇಲೆ ನನಗೆ ತುಂಬ ಗೌರವ.

ಕರುಣಾ ಜೊತೆ ಬೇರೆಯಾಗಿ ಕೂತೆ. ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸುವ ಪುಡಿ ತಂದಿಟ್ಟಿದ್ದರು. ಅದನ್ನು ಎಸೆಯಲು ಹೇಳಿದೆ. ಅಂಥದ್ದರಲ್ಲಿ ಡೈಸಲ್ಫಿರಾಮ್ ಅನ್ನುವ ಔಷಧ ಇರಬಹುದು, ಅದರ ಮೇಲೆ ಕುಡಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯ ಆಗಬಹುದು. ಗಂಡನ ಪರವಾಗಿ ಲೇತ್ ಮಾಲೀಕನಿಗೆ ಸುಳ್ಳು ಹೇಳಬೇಡಿ, ಸಂಬಳದ ದಿನ ಅಂಗಡಿ ಸಾಲ ತೀರಿಸಬೇಡಿ. ಕ್ಷಮಿಸುವುದು ಅಂದರೆ ಮುಚ್ಚಿಡುವುದಲ್ಲ. ಹೊಡೆದರೆ ಆ ಕ್ಷಣ ತಮ್ಮನ ಮನೆಗೆ ಹೋಗಿ, ಪ್ರಾರ್ಥನೆ ಅಲ್ಲಿಂದಲೂ ಮಾಡಬಹುದು. ಇದನ್ನು ಕೇಳಿ ಅವರು ಮೊದಲ ಸಲ ಅತ್ತರು. ಇಂಥ ಸ್ಥಿತಿಯಲ್ಲಿರುವ ಮನೆಯವರು 14446ಕ್ಕೆ ಉಚಿತವಾಗಿ ಕರೆ ಮಾಡಬಹುದು. ಅದು ವ್ಯಸನಕ್ಕೆಂದೇ ಇರುವ ಸರ್ಕಾರಿ ಸಹಾಯವಾಣಿ.

ಏಳು ತಿಂಗಳಾಯಿತು. ನಡುವೆ ಒಂದು ಸಲ, ತಂದೆಯ ಮಣ್ಣಿನ ದಿನ ಕುಡಿದರು. ಈ ಸಲ ಅಡಗಿಸಲಿಲ್ಲ. ರಾತ್ರಿಯೇ ಎಎ ಗೆಳೆಯನಿಗೆ ಫೋನ್ ಮಾಡಿದರು, ಬೆಳಿಗ್ಗೆ ಡಾಕ್ಟರ ಹತ್ತಿರ ಕೂತಿದ್ದರು. ಹಾರ್ಮೋನಿಯಂ ಇನ್ನೂ ಮುಟ್ಟಿಲ್ಲ, ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ.

ಮುಂದಿನ ಭೇಟಿಗೆ ಮಗನನ್ನು ಕರೆತರಲು ಹೇಳಿದ್ದೇನೆ. 15 ವರ್ಷದ ಹುಡುಗ. ಅಪ್ಪನ ಜೊತೆ ಇನ್ನೂ ಮಾತು ಬಿಟ್ಟಿದ್ದಾನೆ.