ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಎರಡನೇ ಮಹಾಯುದ್ಧದ ವೇಳೆ ಬಿದ್ದ ವಿಮಾನದ ವಿವರ ಹುಡುಕುವುದು ಹೇಗೆ?
ಮೊದಲು ವಿಮಾನದ ಕ್ರಮಸಂಖ್ಯೆ ಹಿಡಿಯಿರಿ. ಇಲ್ಲವಾದರೆ ದಿನಾಂಕ, ಸ್ಕ್ವಾಡ್ರನ್ (ವಾಯುಪಡೆಯ ತುಕಡಿ). ಊರವರ ಬಾಯಲ್ಲಿ ಬಿದ್ದದ್ದೆಲ್ಲ ಹೆಸರಾಂತ ಯುದ್ಧವಿಮಾನ ಸ್ಪಿಟ್‌ಫೈರೇ ಆಗಿಬಿಡಬಹುದು, ಹಾಗಾಗಿ ಅದು ಸುಳಿವು ಮಾತ್ರ. ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ಸರ್ಕಾರಿ ದಾಖಲೆ ಸಂಗ್ರಹ ನ್ಯಾಷನಲ್ ಆರ್ಕೈವ್ಸ್‌ನ ‘ಏರ್ 27’ ಕಡತಗಳು ಸ್ಕ್ವಾಡ್ರನ್ನುಗಳ ದಿನಚರಿ: ಯಾರು ಎಷ್ಟು ಹೊತ್ತಿಗೆ ಹಾರಿದರು, ಮರಳಿದರೋ ಇಲ್ಲವೋ ಎಲ್ಲ ಅಲ್ಲಿರುತ್ತದೆ.

ಪೀಕ್ ಡಿಸ್ಟ್ರಿಕ್ಟ್‌ನಂಥ ಬೆಟ್ಟಸೀಮೆಯಲ್ಲಿ ಮಾತ್ರ ಲೆಕ್ಕ ಬೇರೆ. ಅಲ್ಲಿ ಶತ್ರುವಿನ ಗುಂಡಿಗಿಂತ ಮೋಡವೇ ಹೆಚ್ಚು ವಿಮಾನ ಕೆಡವಿದೆ. ಎಷ್ಟೋ ತರಬೇತಿ ಹಾರಾಟಗಳು ದಾರಿತಪ್ಪಿ ಗುಡ್ಡಕ್ಕೆ ಬಡಿದಿವೆ. ಇಂಥವಕ್ಕೆ ಆರ್‌ಎಎಫ್ (ಬ್ರಿಟನ್ನಿನ ವಾಯುಪಡೆ) ಮ್ಯೂಸಿಯಂನಲ್ಲಿರುವ ಅಪಘಾತ ಕಾರ್ಡು, ಅಂದರೆ ಫಾರ್ಮ್ 1180, ನೋಡಿ. ಪಕ್ಕದ ಚರ್ಚಿನ ಸಮಾಧಿಗಳನ್ನಷ್ಟೇ ನಂಬಬೇಡಿ. ಬ್ರಿಟಿಷ್ ಸಿಬ್ಬಂದಿಯ ದೇಹ ಅನೇಕ ಸಲ ಅವರವರ ಊರಿಗೇ ಹೋಗುತ್ತಿತ್ತು.

ಜಾಗ ಸಿಕ್ಕಿತೆಂದು ಗುದ್ದಲಿ ಹಿಡಿಯಬೇಡಿ. ಬ್ರಿಟನ್ನಿನ 1986ರ ಸೇನಾ ಅವಶೇಷ ರಕ್ಷಣಾ ಕಾಯ್ದೆಯಂತೆ ರಕ್ಷಣಾ ಸಚಿವಾಲಯದ ಪರವಾನಗಿ ಇಲ್ಲದೆ ಅಗೆಯುವುದು ಅಪರಾಧ.