ಇಂಗ್ಲೆಂಡಿನ 2019ರ ಸ್ಥಳೀಯ ಚುನಾವಣೆಯ ಫಲಿತಾಂಶವನ್ನು ಬ್ರೆಕ್ಸಿಟ್ (ಐರೋಪ್ಯ ಒಕ್ಕೂಟದಿಂದ ಬ್ರಿಟನ್ ಹೊರಬರುವುದು) ಕುರಿತ ಜನಾಭಿಪ್ರಾಯ ಎನ್ನಬಹುದೇ?

ಅಷ್ಟು ಸಲೀಸಾಗಿ ಹೇಳಲಾಗದು. ಆ ವರ್ಷ ಮೇ 2ರಂದು ಇಂಗ್ಲೆಂಡಿನಲ್ಲಿ ಆಗ ಅಧಿಕಾರದಲ್ಲಿದ್ದ ಕನ್ಸರ್ವೇಟಿವ್ ಪಕ್ಷ 1,300ಕ್ಕೂ ಹೆಚ್ಚು ಸ್ಥಾನ ಕಳೆದುಕೊಂಡಿತು; ಐರೋಪ್ಯ ಒಕ್ಕೂಟದಲ್ಲೇ ಉಳಿಯೋಣ ಎನ್ನುತ್ತಿದ್ದ ಲಿಬರಲ್ ಡೆಮಾಕ್ರಟರು ಸುಮಾರು 700 ಹೆಚ್ಚಿಸಿಕೊಂಡರು. ಬ್ರೆಕ್ಸಿಟ್ ಬಗ್ಗೆ ಜನ ಮನಸ್ಸು ಬದಲಿಸಿದರು ಎಂದುಬಿಡುವುದು ಸುಲಭ. ಆದರೆ ನೈಜೆಲ್ ಫರಾಜ್ ಅವರ ಬ್ರೆಕ್ಸಿಟ್ ಪಕ್ಷ ಅಂದು ಕಣದಲ್ಲೇ ಇರಲಿಲ್ಲ! ಮೂರು ವಾರ ಕಳೆದು ಐರೋಪ್ಯ ಸಂಸತ್ತಿನ ಚುನಾವಣೆ ಬಂದಾಗ ಅದೇ ಪಕ್ಷ ಬ್ರಿಟನ್ನಿನಲ್ಲಿ 29 ಸ್ಥಾನ ಗೆದ್ದು ಎಲ್ಲರಿಗಿಂತ ಮುಂದೆ ನಿಂತಿತು. ಲಂಡನ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಂತೂ ಮೇ 2ರಂದು ಸ್ಥಳೀಯ ಚುನಾವಣೆಯೇ ನಡೆಯಲಿಲ್ಲ.

ರಸ್ತೆಗುಂಡಿ, ಕಸ, ಕೌನ್ಸಿಲ್ ತೆರಿಗೆಗಳ ಸಿಟ್ಟೂ ಮತಪತ್ರದಲ್ಲಿ ಬೆರೆತಿರುತ್ತದೆ. ಬ್ರೆಕ್ಸಿಟ್ ಬೇಕೆಂದವನು ‘ಇನ್ನೂ ಮುಗಿಸಲಿಲ್ಲವಲ್ಲ’ ಎಂದು, ಬೇಡವೆಂದವನು ‘ಇದನ್ನೇಕೆ ತಂದಿರಿ’ ಎಂದು ಒಂದೇ ಪಕ್ಷವನ್ನು ದಂಡಿಸಿರಬಹುದು. ಎಣಿಕೆಯ ಮೇಜಿನ ಮೇಲೆ ಎರಡೂ ಮತ ಒಂದೇ ರೀತಿ ಕಾಣುತ್ತವೆ.