ಸಂಪಾದಕರ ಉತ್ತರ: ಪಾಸಮ್ ಪಕ್ಕದಲ್ಲಿ ಕಲ್ಲುಹೂವು ಯಾಕೆ?

ಮೂಡಿಗೆರೆಯ ಓದುಗರೊಬ್ಬರು ಕೇಳಿದ್ದಾರೆ: "ಕಳೆದ ಸಂಚಿಕೆಯಲ್ಲಿ ಆಸ್ಟ್ರೇಲಿಯಾದ ಲೆಡ್‌ಬೀಟರ್ ಪಾಸಮ್‌ಗೆ ಒಂದು ಪುಟ, ಕೆನಡಾದ ಯಾವುದೋ ಕಲ್ಲುಹೂವಿಗೂ ಒಂದು ಪುಟ. ಮರಿ ಸಾಕುವ ಪ್ರಾಣಿಯೂ ತೊಗಟೆ ಮೇಲಿನ ಕಲೆಯೂ ಒಂದೇನಾ? ಅಂದಹಾಗೆ, ತೋಟದ ಹಳೇ ಬಸರಿ ಕಡಿಸಿ ಸಿಲ್ವರ್ ಓಕ್ ಹಾಕೋಣ ಅಂತಿದ್ದೇನೆ."

ಪಾಸಮ್ ಬಗ್ಗೆ ಯಾರಿಗಾದರೂ ಮರುಕ ಹುಟ್ಟುತ್ತದೆ. ಅಂಗೈಯಲ್ಲಿ ಕೂರುವಷ್ಟು ಪ್ರಾಣಿ, ದೊಡ್ಡ ಕಣ್ಣು, ಹೊಟ್ಟೆಚೀಲದಲ್ಲಿ ಮರಿ. ಅದು ಅಳಿದೇ ಹೋಯಿತು ಅಂದುಕೊಂಡಿದ್ದರು. 1961ರಲ್ಲಿ ವಿಕ್ಟೋರಿಯಾ ರಾಜ್ಯದ ಕಾಡಲ್ಲಿ ಮತ್ತೆ ಕಂಡಿತು. 2009ರ ಕಾಳ್ಗಿಚ್ಚು ಅದರ ನೆಲೆಯಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಸುಟ್ಟುಹಾಕಿತು.

ಆದರೆ ನೀವು ಹೇಳಿದ ಆ ಕೆನಡಾದ ಕಲ್ಲುಹೂವು, ಅಂದರೆ ಬೋರಿಯಲ್ ಫೆಲ್ಟ್ ಲೈಕನ್ (ಕಲ್ಲುಹೂವಿಗೆ ಇಂಗ್ಲಿಷಿನಲ್ಲಿ ಲೈಕನ್), ಅದನ್ನು ಹತ್ತಿರದಿಂದ ನೋಡಿ. ಒಣಗಿದಾಗ ಬೂದು ಬಣ್ಣ, ಮಳೆ ಬಿದ್ದರೆ ನೀಲಿ ಛಾಯೆ. ಅಂಚು ಮೇಲಕ್ಕೆ ಸುರುಳಿಯಾಗಿ ಅಡಿಯ ಬಿಳುಪು ಕಾಣುತ್ತದೆ. ಶಿಲೀಂಧ್ರ ಗೂಡು ಕಟ್ಟುತ್ತದೆ, ಒಳಗಿರುವ ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿ ಬಿಸಿಲಿನಿಂದ ಆಹಾರ ತಯಾರಿಸುತ್ತದೆ. ಬೇರಿಲ್ಲ. ನೀರು, ಪೋಷಕಾಂಶ ಎಲ್ಲ ಮಳೆ-ಗಾಳಿಯಿಂದಲೇ. ಹಾಗಾಗಿ ಗಾಳಿಯ ಗಂಧಕದ ಹೊಗೆಯೂ ನೇರವಾಗಿ ಒಳಗೆ ಹೋಗುತ್ತದೆ. ಆಮ್ಲ ಮಳೆ ಮತ್ತು ಮರ ಕಡಿತ ಎರಡೂ ಸೇರಿ ಅದನ್ನು ಸ್ವೀಡನ್‌ನಲ್ಲಿ ಇಲ್ಲವಾಗಿಸಿದವು. 2003ರಲ್ಲಿ ಅದು ತೀವ್ರ ಅಪಾಯದ ಪಟ್ಟಿಗೆ ಸೇರಿತು.

ಎರಡಕ್ಕೂ ಬೇಕಾದದ್ದು ಹಳೇ ಕಾಡು. ಪಾಸಮ್‌ಗೆ ಪೊಟರೆ ಬೇಕು. ಅಲ್ಲಿನ ಮೌಂಟನ್ ಆ್ಯಶ್ ಮರದಲ್ಲಿ ಪೊಟರೆ ಬೀಳಲು 100 ವರ್ಷವಾದರೂ ದಾಟಬೇಕು. ಲೈಕನ್‌ಗೆ ತಂಪಾದ ಕಾಡಿನ ಮುದಿ ಫರ್ ಮರ ಬೇಕು. ಪಾಸಮ್‌ಗೆ ಮರದ ಪೆಟ್ಟಿಗೆ ಕಟ್ಟಿಕೊಟ್ಟು ಸ್ವಲ್ಪ ಕಾಲ ತಳ್ಳಬಹುದು. ಲೈಕನ್‌ಗೆ ಕಾಲಿಲ್ಲ, ಮರ ಬಿದ್ದರೆ ಅದೂ ಹೋಯಿತು. ಅದಕ್ಕೇ ನಾನು ಒಂದು ಪುಟ ಅದಕ್ಕೆ ಕೊಟ್ಟೆ. ಜಾಸ್ತಿ ಕೊಡಬೇಕಿತ್ತು ಅಂತಲೂ ಅನ್ನಿಸುತ್ತದೆ.

ಇನ್ನು ನಿಮ್ಮ ಬಸರಿ. ಸಿಲ್ವರ್ ಓಕ್ ಕೂಡ ಆಸ್ಟ್ರೇಲಿಯಾದಿಂದಲೇ ಬಂದ ಮರ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ನೇರ ಕಾಂಡ ಸಿಗುತ್ತದೆ, ಒಪ್ಪುತ್ತೇನೆ. ಆದರೆ ಮಂಗಟ್ಟೆ ಮೊಟ್ಟೆ ಇಡುವುದು ಪೊಟರೆಯಲ್ಲೇ, ಅದಕ್ಕೆ ಬೇಕಾದ ಹಣ್ಣು ಬಸರಿ-ಅತ್ತಿಯಲ್ಲೇ ಅಲ್ವಾ? ಕೊಂಬೆಗೆ ಹತ್ತಿದ ಕಲ್ಲುಹೂವು ಮರದ ರಸ ಹೀರುತ್ತದೆ ಅಂತ ಕೆಲವರು ಕೆರೆಸುತ್ತಾರೆ. ಅದು ಹೀರುವುದಿಲ್ಲ, ತೊಗಟೆ ಮೇಲೆ ಸುಮ್ನೆ ಕೂತಿರುತ್ತದೆ. ಮೆಣಸಿಗೆ ಬೇರೆ ಸಾಲು ನೋಡಿ. ದಯವಿಟ್ಟು ಆ ಬಸರಿ ಕಡಿಸಬೇಡಿ.